ಅಂಗಳದ ಚೌಕಕ್ಕೆ ಮ.ಸಾ.ಅ.

ಗಾರೆ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷ ಆಯ್ತು. ಸಿಮೆಂಟ್ ಅಂಗಳಕ್ಕೆ ದಾರ ಒತ್ತಿ ಚೌಕ ಹಾಕುವಾಗ ಕೊನೆಯ ಸಾಲು ತುಂಡಾಗಿ ಉಳಿಯೋದು ಮಾಮೂಲು. ಆ ತುಂಡನ್ನು ಹೂಕುಂಡ ಇಡುವ ಬದಿಗೆ ತಳ್ಳಿಬಿಡುತ್ತಿದ್ದೆ, ಯಾರಿಗೂ ಕಾಣುತ್ತಿರಲಿಲ್ಲ. ಹೋದ ಬೇಸಿಗೆ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆ ಕಡೆಯ ಮನೆಯೊಂದರ ಯಜಮಾನರು ಮಾತ್ರ ಹಟ ಹಿಡಿದರು: "ಮೇಸ್ತ್ರಿ, ಒಂದೂ ತುಂಡು ಚೌಕ ಬರಬಾರದು ನೋಡ್ರಿ."

ರಾತ್ರಿ ಅಳತೆ ಚೀಟಿ ಹಿಡಿದು ಕೂತೆ. ಉದ್ದ 899 ಸೆಂಟಿಮೀಟರ್, ಅಗಲ 666. ಹತ್ತನೇ ಕ್ಲಾಸಿನ ಮಗಳು ಇಣುಕಿ, "ಅಪ್ಪಾಜಿ, ಇದು ಮ.ಸಾ.ಅ. ಲೆಕ್ಕ" ಅಂದಳು. ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ನನಗೆ ಗೊತ್ತಿದ್ದದ್ದು 2, 3, 5, 7 ಅಂತ ಒಂದೊಂದೇ ಹಾಕಿ ನೋಡೋದು. ಅವಳು ಗ್ರೀಕ್ ಗಣಿತಜ್ಞ ಯೂಕ್ಲಿಡನ ದಾರಿ ತೋರಿಸಿದಳು: ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು, ಬಂದ ಶೇಷದಿಂದ ಆ ಚಿಕ್ಕದನ್ನು ಭಾಗಿಸಬೇಕು, ಶೇಷ ಸೊನ್ನೆ ಆಗೋತನಕ ಹೀಗೇ. ಕೊನೆಗೆ ಭಾಗಿಸಿದ್ದೇ ಉತ್ತರ. ಮಾಡಿದೆ. ಶೇಷ 233, 200, 33, 2, 1. ಉತ್ತರ 1! ಒಂದು ಸೆಂಟಿಮೀಟರ್ ಚೌಕ ಹಾಕಿದರೆ ಅದು ಅಂಗಳವಲ್ಲ, ಗ್ರಾಫ್ ಹಾಳೆ.

ಬೆಳಿಗ್ಗೆ ಹೋಗಿ ಮತ್ತೆ ಟೇಪು ಹಿಡಿದೆ. ಮೂಲೆಯಲ್ಲಿ ಟೇಪು ಬಾಗಿದ್ದನ್ನು ನಾನೇ ಗಮನಿಸಿರಲಿಲ್ಲ; ಅಗಲ 667.

899 = 667 × 1 + 232
667 = 232 × 2 + 203
232 = 203 × 1 + 29
203 = 29 × 7

29 ಸೆಂಟಿಮೀಟರ್, ಅಡಿಗೆ ಒಂಚೂರು ಕಮ್ಮಿ. ನನ್ನ ಹಳೇ ದಾರಿ ಹಿಡಿದಿದ್ದರೆ 19ರ ತನಕ ಯಾವುದೂ ತಾಗುತ್ತಿರಲಿಲ್ಲ, "ಆಗಲ್ಲ ಸ್ವಾಮಿ" ಅಂದುಬಿಡುತ್ತಿದ್ದೆ.

ಆದರೂ ನಂಬಿಕೆ ಬಂದದ್ದು ದಾರ ಹಿಡಿದ ಮೇಲೇ. ಅಗಲದಷ್ಟು ದಾರವನ್ನು ಉದ್ದದ ಮೇಲೆ ಎಳೆದೆ, 232 ಉಳಿಯಿತು. ಎರಡೂ ಬದಿಗೆ ಸರಿಯಾಗಿ ಕೂರುವ ಚೌಕ ಯಾವುದೇ ಇರಲಿ, ಅಗಲದಷ್ಟು ಜಾಗ ಅದು ತುಂಬಿಯಾಯ್ತು. ಉಳಿದ 232ಕ್ಕೂ ಅದು ಸರಿಯಾಗಿ ಕೂರಲೇಬೇಕು. ಹಾಗಾಗಿ 899 ಅನ್ನು ಮರೆತು, 667 ಮತ್ತು 232 ನೋಡಿದರೆ ಸಾಕು. ಪ್ರತಿ ಸಲ ಲೆಕ್ಕ ಚಿಕ್ಕದಾಗುತ್ತಾ ಹೋಗುತ್ತೆ, ಉತ್ತರ ಬದಲಾಗಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟ ಬರೆದ ಕುಟ್ಟಕ ಅನ್ನೋ ಲೆಕ್ಕದಲ್ಲೂ ಇದೇ ಥರದ ಭಾಗಾಕಾರ ಅಂತೆ, ಅಲ್ಲಿನ ಪ್ರಶ್ನೆ ಬೇರೆ. ಕುಟ್ಟಿ ಕುಟ್ಟಿ ಪುಡಿ ಮಾಡೋದು ಅನ್ನುವ ಆ ಹೆಸರು ನಮ್ಮಂಥವರಿಗೆ ಬೇಗ ಅರ್ಥವಾಗುತ್ತೆ.

ನಮ್ಮೂರ ಬಿಸಿಲಿಗೆ ಸಿಮೆಂಟ್ ಬೇಗ ಬಿಗಿಯುತ್ತೆ, ಅದಕ್ಕೆ ಗೋಡೆಗಳ ಬುಡದಲ್ಲಿ 29ಕ್ಕೊಂದು ಗುರುತು ಮೊದಲೇ ಹಾಕಿಟ್ಟೆ. ಉದ್ದಕ್ಕೆ 31, ಅಗಲಕ್ಕೆ 23, ಒಟ್ಟು 713 ಚೌಕ. ಯಜಮಾನರು ಮೂಲೆ ಮೂಲೆ ಬಗ್ಗಿ ನೋಡಿದರು. ಸಂಪಿನ ಮುಚ್ಚಳವೊಂದೇ ಮಾತು ಕೇಳಲಿಲ್ಲ: ಅದು 60 ಸೆಂಟಿಮೀಟರ್, ಎರಡು ಚೌಕಕ್ಕೆ 58. ಅಲ್ಲಿ ಗೆರೆಯನ್ನು ಕಣ್ಣಳತೆಯಲ್ಲೇ ಮುಚ್ಚಳದ ಅಂಚಿಗೆ ತಂದು ನಿಲ್ಲಿಸಿದೆ.