ಹುಲ್ಲು ಬೆಳೆಯದ ಅಂಗಳ: ನನ್ನ ಅನುಭವ

ಮಡಿಕೇರಿ ಕಡೆ ಈಗ ಮನೆ ಮುಂದೆ ಲಾನ್ ಮಾಡಿಸುವ ಆಸೆ ಎಲ್ಲರಿಗೂ. ಹೋಂಸ್ಟೇಗಳ ಫೋಟೊ ನೋಡಿದರೆ ಯಾರಿಗೆ ತಾನೇ ಆಸೆಯಾಗಲ್ಲ? ಆದರೆ ನಮ್ಮ ಅಂಗಳದಲ್ಲಿ ಅದು ಆಗುವ ಮಾತಲ್ಲ. ಮನೆ ಇರುವುದು ಗುಡ್ಡದ ಉತ್ತರ ಮಗ್ಗುಲಲ್ಲಿ. ಎದುರಿಗೆ ಹಳೇ ಹಲಸಿನ ಮರ, ಬೇಲಿ ಉದ್ದಕ್ಕೂ ಸಿಲ್ವರ್ ಓಕ್. ಬಿಸಿಲು ಅಂತ ಬೀಳುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಅದೂ ಒಂದು ಮೂಲೆಗೆ. ನರ್ಸರಿಯಲ್ಲಿ ಮಾರುವ ಲಾನ್ ಹುಲ್ಲು ಚೆನ್ನಾಗಿ ಬರಬೇಕಾದರೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಆಟಿ, ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ನಮಗೇ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಮಾವನವರ ಕಾಲದಲ್ಲಿ ಹಾಕಿಸಿದ್ದ ಹುಲ್ಲು ಹೋಗಿ, ನನ್ನ ಪಾಲಿಗೆ ಉಳಿದದ್ದು ಪಾಚಿ ಮತ್ತು ಕೆಸರು.

"ಹುಲ್ಲು ಬೇಕಾದ್ರೆ ಗದ್ದೆ ಬದುವಿಗೆ ಹೋಗಮ್ಮ, ಬೇಕಾದಷ್ಟಿದೆ" ಅಂತ ಅತ್ತೆ ನಗುತ್ತಿದ್ದರು. ನಾನು ಹುಲ್ಲಿನ ಯೋಚನೆ ಬಿಟ್ಟೆ.

ಗಿಡ ತರುವ ಮೊದಲು ನೀರಿಗೆ ದಾರಿ ಮಾಡಿದೆ. ವರ್ಷಕ್ಕೆ 100 ಇಂಚು ದಾಟುವ ಮಳೆಯಲ್ಲಿ ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಜೂನ್‌ನಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಹೆಂಚಿನ ಮಾಡಿನಿಂದ ನೀರು ಬೀಳುವ ಸಾಲಿನಲ್ಲಿ ಮುಂಚೆ ನೆಲ ಕೊರೆದು, ಕೆಸರು ಗೋಡೆಗೆಲ್ಲ ಹಾರುತ್ತಿತ್ತು. ಆ ಸಾಲಿಗೆ ಸರಿಯಾಗಿ ಒಂದಡಿ ಅಗಲದ ಕಾಲುವೆ ತೋಡಿಸಿ, ದಪ್ಪ ಜಲ್ಲಿ ತುಂಬಿಸಿದೆ. ಕಾಲುವೆಯ ಇಳಿಜಾರು ತೋಟದ ಕಡೆಗೆ. ಅಲ್ಲಿ ಕಾಫಿ ಸಾಲಿನ ನಡುವೆ ತೊಟ್ಟಿಲು ಗುಂಡಿಗಳು ಇದ್ದೇ ಇವೆ, ನೀರು ಅಲ್ಲಿ ಇಂಗುತ್ತದೆ.

ಮಣ್ಣನ್ನು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದೆ. ಹುಳಿ ಮಣ್ಣು, ಪಿಎಚ್ 5ರ ಆಸುಪಾಸು. ನಮ್ಮಲ್ಲಿ ಇದು ಮಾಮೂಲಿ. ಇಷ್ಟು ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತದೆ. ತೋಟಕ್ಕಾದರೆ ಕೃಷಿ ಸುಣ್ಣ ಹಾಕುತ್ತೇವೆ. ಅಂಗಳಕ್ಕೆ ಹಾಕಲಿಲ್ಲ. ಹುಳಿ ಮಣ್ಣು, ನೆರಳು, ತೇವ ಮೂರನ್ನೂ ಇಷ್ಟಪಡುವ ಗಿಡಗಳು ಬೇಕಾದಷ್ಟಿರುವಾಗ ಮಣ್ಣನ್ನು ಯಾಕೆ ಬದಲಾಯಿಸಬೇಕು?

ಆಮೇಲೆ ಗೇಟಿನಿಂದ ಜಗಲಿಗೆ ಕಾಲುದಾರಿ. ಒಂದೊಂದು ಹೆಜ್ಜೆಗೆ ಒಂದೊಂದು ಚಪ್ಪಡಿ. ಕಲ್ಲಿನ ಆಕಾರಕ್ಕೆ ನಾಲ್ಕು ಬೆರಳಿನಷ್ಟು ಆಳ ತೋಡಿ, ತಳಕ್ಕೆ ಜಲ್ಲಿ ಪುಡಿ ಹರಡಿ, ಕಲ್ಲು ಕೂರಿಸಿ, ಮೇಲೆ ನಿಂತು ಎರಡೂ ಕಾಲಿನಿಂದ ಅಲ್ಲಾಡಿಸಿ ನೋಡುವುದು. ಟಕ್ ಅಂದರೆ ಕೆಳಗೆ ಎಲ್ಲೋ ಟೊಳ್ಳಿದೆ ಅಂತ ಅರ್ಥ. ಎತ್ತಿ, ಪುಡಿ ಸೇರಿಸಿ ಮತ್ತೆ ಕೂರಿಸಬೇಕು. ಕಲ್ಲಿನ ಒರಟು ಮುಖ ಮೇಲಿರಲಿ. ನಯವಾದ ಕಲ್ಲು ನೋಡಲು ಚಂದ, ಆದರೆ ಮಳೆಗಾಲದಲ್ಲಿ ಪಾಚಿ ಹಿಡಿದರೆ ಸೊಂಟ ಮುರಿಯುವುದು ಗ್ಯಾರಂಟಿ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ಪಕ್ಕದ ಗಿಡ ಸಾಯುತ್ತದೆ. ನಾನು ತಂತಿ ಬ್ರಷ್‌ನಲ್ಲಿ ಉಜ್ಜುತ್ತೇನೆ. ಕಲ್ಲುಗಳ ನಡುವಿನ ಪಾಚಿಯನ್ನು ಮಾತ್ರ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಕಂದಾಗಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ತಾನೇ ಹಸಿರಾಗುತ್ತದೆ. ಯಾವ ಲಾನ್ ಇಷ್ಟು ಸುಲಭ ಹೇಳಿ?

ಕಲ್ಲಿನ ಅಂಚಿಗೆ ಒಂದೆಲಗ ಬಿಟ್ಟೆ. ಬೇರಿದ್ದ ಒಂದು ಗೆಣ್ಣು ಸಿಕ್ಕರೆ ಸಾಕು, ನೆಲ ಹಿಡಿದು ಹರಡುತ್ತದೆ. ಚಟ್ನಿಗೂ ಆಯಿತು. ಅದರ ಹಿಂದೆ ನರ್ಸರಿಯಲ್ಲಿ ಸಿಗುವ ಮೋಂಡೋ ಗ್ರಾಸ್. ಹೆಸರಿಗೆ ಹುಲ್ಲು, ನಿಜಕ್ಕೂ ಹುಲ್ಲಿನ ಜಾತಿಯಲ್ಲ, ನೆರಳಲ್ಲೂ ಬದುಕುತ್ತದೆ. ಜರಿ ಗಿಡಗಳನ್ನು ನಮ್ಮ ತೋಟದ ಬರೆಯಿಂದಲೇ (ಮಣ್ಣಿನ ಕಡಿದಾದ ದಿಬ್ಬದಿಂದ) ಬೇರು ಸಮೇತ ಕಿತ್ತು ತಂದೆ. ಬೆಳಗಿನ ಬಿಸಿಲು ಬೀಳುವ ಮೂಲೆಗೆ ಹೈಡ್ರೇಂಜಿಯಾ. ಹುಳಿ ಮಣ್ಣಿನಲ್ಲಿ ಅದರ ಹೂ ನೀಲಿ. ಸುಣ್ಣ ಹಾಕಿದ್ದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಮದ್ದು ಸೊಪ್ಪಿನ ಸಾಲು, ಕೊಡಗಿನಲ್ಲಿ ಕಕ್ಕಡ ತಿಂಗಳಲ್ಲಿ ಪಾಯಸ ಮಾಡುವ ಔಷಧಿ ಸೊಪ್ಪು ಇದು. ಹಲಸಿನ ನೆರಳಿಗೆ ಅದೇ ಸರಿ. ಕಡ್ಡಿ ಮುರಿದು ನೆಟ್ಟರೆ ಬರುತ್ತದೆ, ವರ್ಷಕ್ಕೊಮ್ಮೆ ಕತ್ತರಿಸಿದರೆ ಪೊದೆಯಾಗಿ ನಿಲ್ಲುತ್ತದೆ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಪಾಯಸಕ್ಕೆ ಸೊಪ್ಪು ಮನೆ ಮುಂದೆಯೇ ಸಿಗುತ್ತದೆ. ಈಗ ಅಕ್ಕಪಕ್ಕದವರೂ ಕೇಳಿಕೊಂಡು ಬರುತ್ತಾರೆ.

ಮರದ ಬುಡದ ಬಗ್ಗೆ ಒಂದು ಮಾತು. ಸಿಲ್ವರ್ ಓಕ್‌ನ ಸಣ್ಣ ಬೇರುಗಳು ಮೇಲ್ಮಣ್ಣಲ್ಲೇ ಬಲೆಯಂತೆ ಹೆಣೆದುಕೊಂಡಿರುತ್ತವೆ. ಮಟ್ಟ ಮಾಡಲು ಅಂತ ಅದರ ಮೇಲೆ ಟ್ರ್ಯಾಕ್ಟರ್ ಲೋಡ್ ಮಣ್ಣು ಸುರಿಸಿದರೆ ಬೇರಿಗೆ ಗಾಳಿ ಸಿಗದೆ ಮರಕ್ಕೇ ಕುತ್ತು. ನಾನು ಬುಡದ ಸುತ್ತ ತರಗೆಲೆ ಹರಡಿ, ಕುಂಡಗಳಲ್ಲಿ ಆಂಥೂರಿಯಂ ಇಟ್ಟೆ.

ಕೆಲವನ್ನು ಬೇಕೆಂದೇ ದೂರ ಇಟ್ಟಿದ್ದೇನೆ. ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ನೆಲ ಮುಚ್ಚಲು ಅಂತ ಎಲ್ಲರೂ ಕೊಡುತ್ತಾರೆ. ತುಂಡು ಬಿದ್ದಲ್ಲೆಲ್ಲ ಬೇರು ಬಿಟ್ಟು ತೋಟಕ್ಕೆ ನುಗ್ಗುವ ಜಾತಿ ಅದು, ತೆಗೆಯುವಷ್ಟರಲ್ಲಿ ಸಾಕು ಸಾಕಾಗುತ್ತದೆ. ಪ್ಲಾಸ್ಟಿಕ್ ಹುಲ್ಲಂತೂ ಬೇಡವೇ ಬೇಡ. ನಮ್ಮ ಮಳೆಗೆ ಅದರ ಮೇಲೂ ಪಾಚಿ ಬರುತ್ತದೆ! ಇನ್ನು ಜಿಗಣೆ. ಗಿಡಗಳು ದಾರಿಗೆ ತಾಗದಂತೆ ಎರಡೂ ಬದಿ ಅಡಿಯಷ್ಟು ಜಾಗ ಬಿಟ್ಟಿದ್ದೇನೆ. ಆದರೂ ಹತ್ತುತ್ತವೆ, ಮೊದಲಿಗಿಂತ ಕಡಿಮೆ ಅಷ್ಟೇ.

ನೆಡುವುದಕ್ಕೆ ನನ್ನ ಪ್ರಕಾರ ಸೆಪ್ಟೆಂಬರ್ ಕೊನೆ ಒಳ್ಳೆಯದು. ಜೋರು ಮಳೆ ಮುಗಿದಿರುತ್ತದೆ, ನೆಲದಲ್ಲಿ ತೇವ ಇರುತ್ತದೆ. ಮೊದಲ ಬೇಸಿಗೆಯಲ್ಲಿ ಮಾತ್ರ ನೀರು ಹಾಕಲೇಬೇಕು. ನಂತರ ಕೆಲಸ ಅಂದರೆ ಓಕ್ ಎಲೆ ಗುಡಿಸುವುದು. ಬೇಗ ಕೊಳೆಯದ ಎಲೆ ಅದು, ಹಾಗೇ ಬಿಟ್ಟರೆ ಒಂದೆಲಗ ಉಸಿರುಗಟ್ಟುತ್ತದೆ.

ಕಾರು ತಿರುಗಿಸುವ ಜಾಗ ಇನ್ನೂ ಬಾಕಿ. ಇಂಟರ್‌ಲಾಕ್ ಹಾಕಿಸೋಣ ಅಂತ ಮನೆಯವರು. ಬರೀ ಜಲ್ಲಿ ಸಾಕು, ನೀರಾದರೂ ಇಂಗುತ್ತದೆ ಅಂತ ನಾನು. ಹೇಗೂ ಕಾಫಿ ಕೊಯ್ಲು ಮುಗಿಯುವ ತನಕ ಕೆಲಸಕ್ಕೆ ಜನ ಸಿಗುವುದಿಲ್ಲ, ಅಷ್ಟರಲ್ಲಿ ಒಪ್ಪಿಸಬೇಕು.