ಅಫರ್ವಾತ್‌ನಲ್ಲಿ ಸ್ಕೀ ಇಳಿಯುವ ಮೊದಲು ಹಿಮ ನೋಡುವ ಕ್ರಮ

ಗುಲ್ಮಾರ್ಗ್‌ನ ಗಾಂಡೋಲಾ (ಕೇಬಲ್ ಕಾರ್) ಎರಡನೇ ಹಂತದಲ್ಲಿ ಅಫರ್ವಾತ್ ಬೆಟ್ಟದ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಸ್ಕೀ ಪೆಟ್ರೋಲ್‌ನವರು (ಸುರಕ್ಷತಾ ತಂಡ) ನೋಡಿಕೊಳ್ಳುವ ಮುಖ್ಯ ಬೌಲ್, ಅಂದರೆ ಬಟ್ಟಲಿನಾಕಾರದ ಇಳಿಜಾರು, ಬಿಟ್ಟು ಪಕ್ಕಕ್ಕೆ ಹೊರಳಿದರೆ ಹಿಮಕುಸಿತದ ಲೆಕ್ಕಾಚಾರ ಪೂರ್ತಿ ನಮ್ಮದೇ. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡದ್ದು ಇದೇ ಬೆಟ್ಟದಲ್ಲಿ.

ಇಲ್ಲಿ ನನಗೆ ಹೆಚ್ಚು ಭಯ ತಳದ ಪದರದ್ದು. ಡಿಸೆಂಬರ್‌ನಲ್ಲಿ ತೆಳ್ಳಗೆ ಹಿಮ ಬಿದ್ದು, ಆಮೇಲೆ ಆಕಾಶ ತಿಳಿಯಾಗಿ ಚಳಿ ಹಿಡಿದುಕೊಂಡರೆ, ನೆಲದ ಹತ್ತಿರ ಸೊನ್ನೆ ಡಿಗ್ರಿ, ಮೇಲ್ಮೈಯಲ್ಲಿ ವಿಪರೀತ ಥಂಡಿ. 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಳದ ಹಿಮ ದಪ್ಪ ಸಕ್ಕರೆಯಂತೆ ಹರಳುಗಟ್ಟುತ್ತದೆ. ಅಂಗೈಯಲ್ಲಿ ಹಿಸುಕಿ ನೋಡಿ, ಉಂಡೆ ಕಟ್ಟುವುದಿಲ್ಲ. ಜನವರಿಯ ಪಶ್ಚಿಮದ ಮಾರುತ ಇದರ ಮೇಲೆ ಮೀಟರ್‌ಗಟ್ಟಲೆ ಹಿಮ ಹೇರಿಬಿಡುತ್ತದೆ.

ಹಿಂದಿನ ಸಂಜೆ ಡಿಜಿಆರ್‌ಇಯ (ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ) ಹಿಮಕುಸಿತದ ಮುನ್ಸೂಚನೆ ಓದಿ, ಮೂರು ದಿನದ ಹಿಮ, ಗಾಳಿ ಎರಡನ್ನೂ ಕೇಳಿ ತಿಳಿದುಕೊಳ್ಳುತ್ತೇನೆ. ಗಾಳಿಯ ಜೊತೆ 30 ಸೆಂಟಿಮೀಟರ್ ಹೊಸ ಹಿಮ ಬಿದ್ದಿದ್ದರೆ 30 ಡಿಗ್ರಿಗಿಂತ ಕಡಿದಾದ ಜಾಗ ಆ ದಿನಕ್ಕೆ ಬೇಡ. ಕೋನವನ್ನು ಕಣ್ಣಳತೆಗೆ ಬಿಡದೆ ಕ್ಲೈನೋಮೀಟರ್ (ಇಳಿಜಾರಿನ ಕೋನ ಅಳೆಯುವ ಉಪಕರಣ) ಇಟ್ಟೇ ಅಳೆಯುತ್ತೇನೆ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿಯೊಳಗೇ ಆಗುತ್ತವೆ. ನಿಂತ ಜಾಗ ಸಪಾಟಾಗಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ ಅಪಾಯ ಅಲ್ಲೇ ಇದೆ.

ಹಿಮದ ಪದರಗಳನ್ನು ನೋಡಲು ಗುಂಡಿ ತೆಗೆಯುವುದು ನಾವು ಇಳಿಯಬೇಕೆಂದಿರುವ ದಿಕ್ಕಿಗೇ ಮುಖಮಾಡಿರುವ, ಅಷ್ಟೇ ಎತ್ತರದ, ಕೆಳಗೆ ಕಮರಿಯಿಲ್ಲದ ಸಣ್ಣ ಇಳಿಜಾರಿನಲ್ಲಿ. ಮೇಲ್ಬದಿಯ ಗೋಡೆಯನ್ನು ನೇರವಾಗಿ ಕೊರೆದು ಒತ್ತಿ ನೋಡುತ್ತೇನೆ: ಮುಷ್ಟಿ, ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು, ಯಾವುದು ಒಳಗಿಳಿಯುತ್ತದೆ ಅಂತ. ಬೆರಳಿಗೂ ಬಗ್ಗದ ಪದರದ ಕೆಳಗೆ ಮುಷ್ಟಿ ಸಲೀಸಾಗಿ ಹೋದರೆ ಅದೇ ಜಾರುವ ಜಾಗ. ಆಮೇಲೆ ಇಳಿಜಾರಿಗೆ ಅಡ್ಡಲಾಗಿ 90, ಇಳಿಜಾರಿನ ಮೇಲ್ಬದಿಗೆ 30 ಸೆಂಟಿಮೀಟರಿನ ಹಿಮದ ಕಂಬವನ್ನು ಹಗ್ಗದಿಂದ ಕೊಯ್ದು ಬಿಡಿಸಿ, ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟುತ್ತೇನೆ. ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಬಿರುಕು ಹುಟ್ಟಿದ ಏಟಿಗೋ ಅದರ ಮರು ಏಟಿಗೋ ಕಂಬದ ಇನ್ನೊಂದು ತುದಿವರೆಗೂ ಓಡಿದರೆ ವಾಪಸ್.

ಬಿರುಕು ಬರಲಿಲ್ಲ ಅಂದರೆ ಇಳಿಯಬಹುದು ಅಂತಲ್ಲ. ಒಂದು ಮೀಟರಿಗಿಂತ ಆಳದಲ್ಲಿರುವ ಪದರಕ್ಕೆ ಈ ಏಟು ಸರಿಯಾಗಿ ಮುಟ್ಟುವುದಿಲ್ಲ, ಗುಲ್ಮಾರ್ಗ್‌ನ ಸಕ್ಕರೆ ಹಿಮವೋ ಅಷ್ಟು ಆಳದಲ್ಲೇ ಕೂತಿರಬಹುದು. ಬಂಡೆಗಳ ಸುತ್ತ, ದಿಣ್ಣೆಯ ಅಂಚಿನಲ್ಲಿ ಹಿಮ ತೆಳುವಾಗಿರುವ ಕಡೆ ಸ್ಕೀಯ ಭಾರ ತಳ ಮುಟ್ಟುತ್ತದೆ. ಆ ಜಾಗಗಳನ್ನು ದೂರದಿಂದಲೇ ಬಳಸಿ ಹೋಗುತ್ತೇನೆ. ಕಾಲಡಿ ‘ಧುಮ್’ ಎಂದು ಹಿಮ ಕುಸಿದ ಸದ್ದು ಕೇಳಿದರೆ ಪರೀಕ್ಷೆಯ ಫಲಿತಾಂಶಕ್ಕೆ ಬೆಲೆಯೇ ಇಲ್ಲ.

ಬೀಕನ್‌ಗೆ (ಹಿಮದಡಿ ಹೂತವರನ್ನು ಹುಡುಕುವ ರೇಡಿಯೋ ಸಾಧನ) ಆಲ್ಕಲೈನ್ ಬ್ಯಾಟರಿ, ಲೋಹದ ಸಲಿಕೆ, ಕನಿಷ್ಠ 240 ಸೆಂಟಿಮೀಟರಿನ ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಕೋಲು). ಫೋನ್ ಬೀಕನ್‌ನಿಂದ 20 ಸೆಂಟಿಮೀಟರ್ ದೂರವಿರಲಿ, ಹುಡುಕುವಾಗ 50. ಇಳಿಯುವುದು ಒಬ್ಬೊಬ್ಬರಾಗಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು. ಫೆಬ್ರವರಿ ಕೊನೆಯ ನಂತರ ಬಿಸಿಲಿಗೆ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಗಂಟೆ ನೋಡದೆ ಆ ಇಳಿಜಾರು ಬಿಟ್ಟು ಹೊರಡುತ್ತೇನೆ.