ಟ್ರ್ಯಾಕರ್‌ನಲ್ಲಿ ಕಂಸಾಳೆಯ ವೇಗ ಏರಿಸಿದ್ದು: ನನ್ನ ಅನುಭವ

ಟ್ರ್ಯಾಕರ್‌ನಲ್ಲಿ (ಸಾಲು ಸಾಲಾಗಿ ಸ್ವರ, ಆಜ್ಞೆ ಬರೆದು ಸಂಗೀತ ಕಟ್ಟುವ ಸಾಫ್ಟ್‌ವೇರ್) ವೇಗವನ್ನು ಮೆಲ್ಲಗೆ ಏರಿಸಲು ಆಗಲ್ಲ ಅಂತ ಮೈಸೂರಿನಲ್ಲಿ ನನಗೆ ಹೇಳದವರೇ ಇಲ್ಲ. ಈಗ ಆಗಿದೆ. ಬೀಸು ಕಂಸಾಳೆಯ ಟ್ರ್ಯಾಕ್ ಒಂದನ್ನು ಓಪನ್‌ಎಂಪಿಟಿ ಅನ್ನುವ ಟ್ರ್ಯಾಕರ್‌ನಲ್ಲೇ 90ರಿಂದ 140 ಬಿಪಿಎಂಗೆ (ನಿಮಿಷಕ್ಕೆ ಅಷ್ಟು ಬಡಿತ) ಏರಿಸಿದ್ದೇನೆ. ಕಾಲೇಜಿನ ಹುಡುಗರು ಅದಕ್ಕೆ ಕುಣಿದರು, ಎಲ್ಲೂ ಹೆಜ್ಜೆ ತಪ್ಪಲಿಲ್ಲ.

ಕಂಸಾಳೆ ನಿಧಾನವಾಗಿ ಶುರುವಾಗಿ ಏರುತ್ತಾ ಹೋಗಬೇಕು. ಎಲ್ಲಿ ಏರಿತು ಅಂತ ಯಾರೂ ಬೆರಳಿಟ್ಟು ತೋರಿಸುವಂತಿರಬಾರದು. ಮೊದಲು ಟಿ11 ಹಾಕಿದೆ, ಅದು ಟಿಕ್‌ಗೆ ಒಂದು ಬಿಪಿಎಂ ಏರಿಸುವ ಸ್ಲೈಡ್ ಆಜ್ಞೆ. ಒಂದು ಸಾಲಿಗೆ ಎಷ್ಟು ಟಿಕ್ ಅನ್ನುವುದೇ ಸ್ಪೀಡ್. ಸ್ಪೀಡ್ 6 ಇದ್ದರೆ ಮೊದಲ ಟಿಕ್ ಬಿಟ್ಟು ಉಳಿದ ಐದರಲ್ಲೂ ಒಂದೊಂದು ಏರುತ್ತದೆ. ಅಂದರೆ ಒಂದೇ ಸಾಲಿಗೆ 5 ಬಿಪಿಎಂ! ಹತ್ತು ಸಾಲು ಹಾಕಿದರೆ 140 ಬಂದೇ ಬಿಡುತ್ತದೆ. ದೂರ ದೂರ ಹಾಕಿದರೆ ಪ್ರತಿ ಸಲವೂ ಜರ್ಕ್. ಮಂಡ್ಯ ತಂಡದ ಹಿರಿಯರು ಕೇಳಿ, "ಏನಪ್ಪಾ, ಹಳ್ಳಕ್ಕೆ ಬಿದ್ದ ಬಸ್ಸಿನಂಗೆ ಕುಲುಕ್ತದಲ್ಲಾ" ಅಂದರು.

ಸ್ಪೀಡನ್ನು 6ರಿಂದ 5ಕ್ಕೆ, 4ಕ್ಕೆ ಇಳಿಸುವುದು ಇನ್ನೂ ಕೆಟ್ಟದ್ದು. ಜಿಗಿತ ದೊಡ್ಡದು. ಜೊತೆಗೆ ಎಸ್‌ಡಿ4 (ನಾಲ್ಕು ಟಿಕ್ ತಡವಾಗಿ ಬಾರಿಸುವ ಆಜ್ಞೆ) ಹಾಕಿದ್ದ ಏಟುಗಳು ಸ್ಪೀಡ್ 4ರಲ್ಲಿ ಕೇಳಿಸುವುದೇ ಇಲ್ಲ. ಆ ಟಿಕ್ಕೇ ಇಲ್ಲವಲ್ಲ.

ಕೊನೆಗೆ ಸ್ಲೈಡ್ ಬಿಟ್ಟು ಕೈಯಲ್ಲೇ ಬರೆದೆ. ಟಿ5ಎಯಿಂದ ಟಿ8ಸಿವರೆಗೆ (ಹದಿನಾರರ ಎಣಿಕೆಯಲ್ಲಿ 90 ಮತ್ತು 140), ಒಂದೊಂದೇ ಬಿಪಿಎಂ. ಆದರೆ ಸಮ ಅಂತರದಲ್ಲಿ ಬರೆದರೆ ಶುರುವಿನ ಏರಿಕೆ ಎದ್ದು ಕಾಣುತ್ತದೆ, ಕೊನೆಯದು ಸಪ್ಪೆ. 90ಕ್ಕೆ ಒಂದು ಸೇರಿಸುವುದು 140ಕ್ಕೆ ಒಂದು ಸೇರಿಸುವುದಕ್ಕಿಂತ ಜಾಸ್ತಿ ಅಲ್ವಾ! ಹಾಗಾಗಿ ಶುರುವಲ್ಲಿ 16 ಸಾಲಿಗೊಂದು, ಕೊನೆಯ ಹೊತ್ತಿಗೆ ಸುಮಾರು 10 ಸಾಲಿಗೊಂದು. ಒಟ್ಟು 64 ಸಾಲಿನ ಹತ್ತು ಪ್ಯಾಟರ್ನ್ (ಸಾಲುಗಳ ಪುಟ), ಒಂದೂವರೆ ನಿಮಿಷದ ಹತ್ತಿರ. ಯಾವ ಏಟಿನ ಮೇಲೆ ಟಿ ಹಾಕಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಹತ್ತಿರವೇ ಇರಲಿ. ಇಷ್ಟು ಮಾತ್ರ ಹೇಳುತ್ತೇನೆ: ಎಲ್ಲಾ ಟಿಗಳೂ ಒಂದೇ ಚಾನೆಲ್‌ನಲ್ಲಿರಲಿ. ಒಂದೇ ಸಾಲಿನಲ್ಲಿ ಎರಡು ಚಾನೆಲ್‌ನಲ್ಲಿದ್ದರೆ ಬಲಗಡೆಯದೇ ಗೆಲ್ಲುತ್ತದೆ.

ನನ್ನ ದುಡ್ಡು ಹೋಗಿದ್ದು ವೇಗ ಏರಿಸಿದ್ದರಿಂದಲ್ಲ, ಹಾಡಿನಿಂದ. 140 ತಲುಪಿದ ಮೇಲೆ ಮೂರು ನಿಮಿಷದ ಹಾಡು ಬರುತ್ತದೆ. ಅದನ್ನು ಒಂದು ಸ್ಟುಡಿಯೋದಲ್ಲಿ 140ರ ಕ್ಲಿಕ್‌ಗೆ ಹಾಡಿಸಿದ್ದೆ. ಗಂಟೆಗೆ 500 ರೂಪಾಯಿ. ತಂದು ಜೋಡಿಸಿದರೆ ಶುರು ಸರಿ, ಕೊನೆಯಲ್ಲಿ ಕಂಸಾಳೆ ಮುಂದೆ, ಹಾಡು ಹಿಂದೆ. "ಹಾಡಿದವರದೇ ತಪ್ಪು, ಇಲ್ಲಾಂದ್ರೆ 20 ಸಾವಿರದ ಸಾಫ್ಟ್‌ವೇರ್ ತಗೋ" ಅಂದರು ಕೇಳಿದವರು. ಮತ್ತೆ ಹಾಡಿಸಿದೆ, ಮತ್ತೆ ಅದೇ. ಓಡಾಟ, ಊಟ, ತಂಡದ ಸಂಭಾವನೆ ಎಲ್ಲಾ ಸೇರಿ ಏಳೆಂಟು ಸಾವಿರ ಕರಗಿತು.

ಹಾಡಿದವರದು ಏನೂ ತಪ್ಪಿರಲಿಲ್ಲ. ನನ್ನ ಫೈಲ್ ಇದ್ದದ್ದು ಕ್ಲಾಸಿಕ್ ಟೆಂಪೊ ಮೋಡ್‌ನಲ್ಲಿ (ವೇಗ ಲೆಕ್ಕ ಹಾಕುವ ಹಳೆಯ ಕ್ರಮ). ಅಲ್ಲಿ ಒಂದು ಟಿಕ್ ಅಂದರೆ 2.5 ಸೆಕೆಂಡನ್ನು ಬಿಪಿಎಂನಿಂದ ಭಾಗಿಸಿದಷ್ಟು. 44,100 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್, ಅಂದರೆ ಸದ್ದಿನ ತುಣುಕು) 90ಕ್ಕೆ ಸರಿಯಾಗಿ 1,225 ಸ್ಯಾಂಪಲ್ ಬರುತ್ತದೆ. 140ಕ್ಕೆ 787.5. ಆ ಅರ್ಧವನ್ನು ಓಪನ್‌ಎಂಪಿಟಿ ಬಿಟ್ಟುಬಿಡುತ್ತದೆ. ಟಿಕ್‌ಗೆ ಅರ್ಧ ಸ್ಯಾಂಪಲ್ ಅಂದರೆ ಮೂರು ನಿಮಿಷಕ್ಕೆ 110 ಮಿಲಿಸೆಕೆಂಡ್‌ಗಿಂತ ಜಾಸ್ತಿ. ಕಂಸಾಳೆಯಂಥ ಚೂಪು ಸದ್ದಿಗೆ ಅದು ಬಹಳ ಆಯಿತು. ಎಂಪಿಟಿಎಂಗೆ (ಓಪನ್‌ಎಂಪಿಟಿಯ ಸ್ವಂತ ಫೈಲ್ ಬಗೆ) ಹೋಗಿ ಟೆಂಪೊ ಮೋಡನ್ನು ಮಾಡರ್ನ್ ಮಾಡಿದೆ. ಹಾಡು ಕೊನೆತನಕ ಅಂಟಿಕೊಂಡಿತು. ಖರ್ಚು ಸೊನ್ನೆ.

ಮಧ್ಯೆ ಇನ್ನೊಂದು ಪ್ರಯೋಗ. ತಂಡ 90ರಲ್ಲಿ ಬಾರಿಸಿದ ಲೂಪನ್ನೇ ಏರಿಸೋಣ ಅಂತ ನೋಡಿದೆ. 140ಕ್ಕೆ ಬರುವಷ್ಟರಲ್ಲಿ ಶ್ರುತಿ ಏಳೂವರೆ ಸ್ವರಸ್ಥಾನ ಮೇಲೆ ಹೋಗಿ, ಕಂಚು ತಗಡಿನ ಹಾಗೆ ಕೇಳಿಸಿತು. ಅದಕ್ಕೇ ಒಂದೊಂದು ಏಟನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿದೆ. ಎನ್‌ಎನ್‌ಎಯನ್ನು (ಹೊಸ ಏಟು ಬಂದಾಗ ಹಳೆಯದು ಏನಾಗಬೇಕು ಅನ್ನುವ ಸೆಟ್ಟಿಂಗ್) ನೋಟ್ ಫೇಡ್‌ಗೆ ಇಟ್ಟರೆ ಹಿಂದಿನ ಏಟಿನ ಝೇಂಕಾರ ಕತ್ತರಿಸುವುದಿಲ್ಲ. ಫೇಡ್‌ಔಟ್ ಎಷ್ಟು ಅಂತ ನೀವೇ ಹುಡುಕಿ.

ಹಳೆಯ ಫೈಲನ್ನು ಮಾಡರ್ನ್‌ಗೆ ತರುವವರು ರೋಸ್ ಪರ್ ಬೀಟ್ (ಒಂದು ಬಡಿತಕ್ಕೆ ಎಷ್ಟು ಸಾಲು) 4 ಇದೆಯಾ ಅಂತ ಮೊದಲು ನೋಡಿ. ಮಾಡರ್ನ್‌ನಲ್ಲಿ ಸ್ಪೀಡ್ ಬದಲಿಸಿದರೆ ಸಾಲಿನ ಉದ್ದ ಬದಲಾಗುವುದಿಲ್ಲ, ಟಿಕ್‌ಗಳ ಸಂಖ್ಯೆ ಮಾತ್ರ. ನಾನು ಸ್ಪೀಡ್ 12 ಇಟ್ಟುಕೊಂಡೆ, ಎಸ್‌ಡಿ ಏಟುಗಳನ್ನು ಇನ್ನೂ ಸಣ್ಣದಾಗಿ ಸರಿಸಬಹುದು. ಆದರೆ ವಾಲ್ಯೂಮ್ ಸ್ಲೈಡ್‌ಗಳ ಬೆಲೆಯನ್ನೆಲ್ಲಾ ಸುಮಾರು ಅರ್ಧಕ್ಕೆ ಇಳಿಸಬೇಕು.